ಬೆನ್ನ ಮೇಲಿನ ಒಂಬತ್ತು

ಸ್ಕ್ರೀನ್ ಪ್ರಿಂಟಿಂಗ್ ಬಿಟ್ಟು ಉಳಿದದ್ದೆಲ್ಲ ಅವನ ಪಾಲಿಗೆ ಮಕ್ಕಳಾಟ. ಅದರಲ್ಲೂ ತನ್ನ ಅಂಗಡಿಯ ಎದುರು ಸಾಲಿನಲ್ಲಿ ಹೆಂಡತಿಯ ತಮ್ಮ ಇಟ್ಟುಕೊಂಡಿದ್ದ ಹೀಟ್ ಪ್ರೆಸ್ ಅಂಗಡಿ ಎಂದರೆ ಮೂಗು ಮುರಿಯುತ್ತಿದ್ದ. ಹಾಳೆಯಲ್ಲಿ ಅಂಕಿ ಕತ್ತರಿಸು, ಬಟ್ಟೆಯ ಮೇಲಿಡು, ಬಿಸಿ ಒತ್ತು, ಮುಗಿಯಿತು. ಇಸ್ತ್ರಿ ಹಾಕುವುದೂ ಒಂದು ಮುದ್ರಣವೇ? ಭಾವಮೈದನಿಗೆ ಅವನಿಟ್ಟಿದ್ದ ಹೆಸರು ‘ಸ್ಟಿಕ್ಕರ್’.

ಮಗಳ ಫುಟ್‌ಬಾಲ್ ತಂಡಕ್ಕೆ ಹದಿನಾರು ಕೆಂಪು ಟೀಶರ್ಟು ಬಂದವು.

“ಎಲ್ಲರಿಗೂ ಬೇರೆ ಬೇರೆ ನಂಬರ್ ಅಪ್ಪ. ಮಾವನ ಹತ್ರ ಮಾಡಿಸ್ಲಾ?”

“ನಾಲ್ಕು ಸಲ ಒಗೆದ್ರೆ ಸಿಪ್ಪೆ ಎದ್ದಂಗೆ ಏಳುತ್ತೆ ಅವನ ನಂಬರು. ನಿಮ್ಮಪ್ಪ ಏನು ಸತ್ತಿದಾನಾ?”

ಸುದ್ದಿ ಕೇಳಿ ಬಂದ ಸ್ಟಿಕ್ಕರ್ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. “ಭಾವ, ಇದು ಪಾಲಿಯೆಸ್ಟರ್. ಬಿಸಿಗೆ ಬಟ್ಟೆಯ ಕೆಂಪು ಬಿಳಿ ಅಂಕಿಗೆ ಹತ್ತುತ್ತೆ. ಒಂದು ಹಾಕಿ ಒಂದು ದಿನ ಬಿಟ್ಟು ನೋಡಿ. ಇಲ್ಲಾಂದ್ರೆ ಬೂದು ಪದರದ ಹಾಳೆ ಇದೆ ನನ್ನ ಹತ್ರ, ಬಣ್ಣ ತಡೆಯುತ್ತೆ.”

“ನಿನ್ನಿಂದ ನಾನು ಬಟ್ಟೆ ಪಾಠ ಕಲೀಬೇಕಾ?”

ಇಪ್ಪತ್ತು ವರ್ಷ ಬರೀ ಕಾಟನ್ ಮುಟ್ಟಿದ್ದ ಕೈ ಈ ಬಟ್ಟೆಯನ್ನು ಒಮ್ಮೆಯೂ ಸವರಿ ನೋಡಲಿಲ್ಲ. ಹಟಕ್ಕೆ ಬಿದ್ದು ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಜಾಲರಿ ಫ್ರೇಮು ಮಾಡಿದ. ಬಿಳಿ ಬಣ್ಣ ಎಳೆದು, ಬಿಸಿಯಲ್ಲಿ ಒಣಗಿಸಿ, ಸಾಲಾಗಿ ತೂಗುಹಾಕಿದ. ಹಾಲಿನಂಥ ಬಿಳುಪು. ಬೆಳಿಗ್ಗೆ ನೋಡಿದರೆ ಹದಿನಾರೂ ಬೆನ್ನಿನ ಅಂಕಿ ತಿಳಿಗುಲಾಬಿ.

ಮಗಳು ನೋಡಿದಳು. “ಆಟ ಮಧ್ಯಾಹ್ನ ಅಪ್ಪ,” ಎಂದಷ್ಟೇ ಹೇಳಿ ಎಲ್ಲವನ್ನೂ ಬಾಚಿಕೊಂಡು ಎದುರು ಸಾಲಿಗೆ ಹೋದಳು. ಸ್ಟಿಕ್ಕರ್ ಎರಡು ಗಂಟೆಯಲ್ಲಿ ಗುಲಾಬಿಯ ಮೇಲೆ ಬೂದು ಪದರದ ಬಿಳಿ ಅಂಕಿ ಒತ್ತಿ ಕೊಟ್ಟ. ಒಂದು ಕೊಂಕು ಮಾತೂ ಆಡಲಿಲ್ಲ. ಅದೇ ಭಾವನ ಮೈ ಉರಿಸಿತು.

ಮೈದಾನದ ಗೆರೆಯ ಬಳಿ ನಿಂತು ಅವನು ಮಗಳ ಬೆನ್ನಿನ ಒಂಬತ್ತನ್ನೇ ನೋಡುತ್ತಿದ್ದ. ಬೆವರಿಗೆ ಕೆಳಗಿನ ಮೂಲೆ ಏಳಬೇಕು. ಯಾರಾದರೂ ಹಿಡಿದೆಳೆದರೆ ಖಂಡಿತ ಏಳುತ್ತದೆ. ಎದುರು ತಂಡದ ಒಬ್ಬಳು ಎಳೆದೇಬಿಟ್ಟಳು, ಮಗಳು ಮಣ್ಣಿಗೆ ಬಿದ್ದಳು. ಅವನ ಕಣ್ಣು ಹುಡುಕಿದ್ದು ಮೊಣಕಾಲನ್ನಲ್ಲ, ಅಂಕಿಯ ಮೂಲೆಯನ್ನು. ಥೂ ಎನಿಸಿತು ತನ್ನ ಮೇಲೇ. ಆದರೂ ಕಣ್ಣು ಕೀಳಲಾಗಲಿಲ್ಲ.

ಆಟ ಮುಗಿದ ಮೇಲೆ ಮಗಳು ಓಡಿಬಂದಳು. “ನನ್ನ ಗೋಲು ನೋಡಿದ್ಯಾ ಅಪ್ಪ?”

“ಹೂಂ, ನೋಡಿದೆ.”

“ಯಾವ ಕಾಲಲ್ಲಿ ಹೊಡೆದೆ ಹೇಳು.”

ಅವನು ಅವಳ ಎರಡೂ ಬೂಟುಗಳನ್ನು ನೋಡಿದ.

“ಎಡಗಾಲು,” ಎಂದ ಹಿಂದೆ ನಿಂತಿದ್ದ ಸ್ಟಿಕ್ಕರ್. ಮಗಳು ತಿರುಗಿ ಮಾವನ ಕಡೆ ನಡೆದಳು. ಒಂಬತ್ತು ಇನ್ನೂ ಗಟ್ಟಿಯಾಗಿ ಕೂತಿತ್ತು.