ಹನ್ನೊಂದು ತಲೆ, ಒಂದು ಕತ್ತರಿ

ಕ್ಷೌರಿಕನ ಬಲಗೈಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳಾಗಿತ್ತು. ದಿನಾ ಕತ್ತರಿ ಆಡಿಸದಿದ್ದರೆ ಬೆರಳು ಸೆಟೆದುಕೊಂಡೇಬಿಡುತ್ತವೆ ಎಂದು ಡಾಕ್ಟರು ಹೆದರಿಸಿದ್ದರು. ಆಹಾ, ಎಂಥ ಸಲಹೆ! ನಡುಗುವ ಕೈಗೆ ಯಾವ ಪುಣ್ಯಾತ್ಮ ತಲೆ ಕೊಡುತ್ತಾನೆ? ಡಾಕ್ಟರಂತೂ ಕೊಡಲಿಲ್ಲ.

ಚರ್ಚಿನವರು ಪ್ರಾರ್ಥನೆಯನ್ನು ಮಾತ್ರ ಧಾರಾಳವಾಗಿ ಕೊಟ್ಟರು. ಪಾಸ್ಟರು ಮನೆಗೆ ಬಂದು ಕಣ್ಣು ಮುಚ್ಚಿದರೆಂದರೆ ಟೀ ಆರಿ ಕೆನೆ ಕಟ್ಟುತ್ತಿತ್ತು. ಹಾಡಿನ ತಂಡದ ಅಕ್ಕನ ಸಮಾಧಾನವಂತೂ ಕೇಳುವುದೇ ಬೇಡ. "ನಮ್ಮ ದೊಡ್ಡಪ್ಪಂಗೂ ಹೀಗೇ ಆಗಿತ್ತು ಅಣ್ಣಾ. ಪಾಪ, ಮೂರೇ ತಿಂಗಳಿಗೆ ಹೋಗ್ಬಿಟ್ರು."

"ಇವರ ಸಮಾಧಾನ ಕೇಳಿ ಕೇಳಿ ಎಡಗೈನೂ ಬಿದ್ದುಹೋಗುತ್ತೆ ಕಣೇ," ಎಂದು ಅವನು ಹೆಂಡತಿಯ ಮೇಲೆ ರೇಗಿದ. "ಸೋಮವಾರ ಅಂಗಡಿ ಕೀಲಿಕೈ ಮಾಲೀಕರಿಗೆ ವಾಪಸ್ ಕೊಟ್ಟುಬರ್ತೀನಿ."

ಶನಿವಾರ ಸಾಮಾನು ಕಟ್ಟಲು ಅಂಗಡಿ ತೆರೆದನೋ ಇಲ್ಲವೋ, ಪಾಸ್ಟರು ನುಗ್ಗಿ ಕುರ್ಚಿಯಲ್ಲಿ ಕೂತರು.

"ಸಣ್ಣಗೆ ಕತ್ತರಿಸಿ ಬ್ರದರ್."

"ಕೈ ನಡುಗುತ್ತೆ ಪಾಸ್ಟರೇ. ನಾಳೆ ನೀವು ಪ್ರಸಂಗ ಮಾಡ್ಬೇಕು."

"ಪ್ರಸಂಗ ಮಾಡೋದು ಬಾಯಿ. ಕೂದಲಲ್ಲ."

ಅರ್ಧ ಗಂಟೆಯಲ್ಲಿ ಪಾಸ್ಟರ ತಲೆ ಮೇಕೆ ಮೇಯ್ದ ಹಿತ್ತಲಿನಂತಾಯಿತು. ಅವರು ಕನ್ನಡಿ ನೋಡಿ, ಉಗುಳು ನುಂಗಿ, "ದೇವರಿಗೆ ಸ್ತೋತ್ರ" ಎಂದರು. ಬಾಗಿಲಾಚೆ ನೋಡಿದರೆ ಸಭೆಯ ಹತ್ತು ಗಂಡಸರು ಸಾಲಾಗಿ ನಿಂತಿದ್ದಾರೆ! ಹೆಂಡತಿ ಶುಕ್ರವಾರದ ಪ್ರಾರ್ಥನೆಯಲ್ಲಿ ಕೀಲಿಕೈ ಸಂಗತಿಯನ್ನು ಎಲ್ಲರ ಮುಂದೆ ಹೇಳಿ ಅತ್ತಿದ್ದಳಂತೆ. ಸಾಲಿನ ಕೊನೆಯಲ್ಲಿದ್ದವರು ಸಭೆಯ ಹಿರಿಯರು. ತಲೆ ಕುಂಬಳಕಾಯಿಯಷ್ಟು ನುಣುಪು.

"ನಿಮಗೇನ್ ಮಾಡ್ಲಿ ಯಜಮಾನ್ರೇ, ಒರೆಸ್ಲಾ?"

"ಕಿವಿ ಹಿಂದೆ ನಾಲ್ಕು ಕೂದ್ಲಿದೆ. ನೋಡ್ಕೊಂಡು ಕತ್ತರಿಸಯ್ಯಾ, ಕಿವಿ ಬೇಕು ನಂಗೆ."

ಭಾನುವಾರ ಅವನು ಕೊನೆಯ ಬೆಂಚಿನಲ್ಲಿ ಮುದುಡಿ ಕೂತ. "ತಲೆ ಬಾಗಿಸಿ ಪ್ರಾರ್ಥಿಸೋಣ" ಎಂದರು ಪಾಸ್ಟರು. ತಲೆಗಳು ಬಾಗಿದವು. ಅಯ್ಯೋ ದೇವರೇ! ಎಲ್ಲರದೂ ಎಡಗಡೆ ಮೆಟ್ಟಿಲು ಮೆಟ್ಟಿಲು. ಹಿರಿಯರ ಕಿವಿಗೆ ಪ್ಲಾಸ್ಟರ್. ಮೂವತ್ತು ವರ್ಷದಿಂದ ಗಳಿಸಿದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಗಿತ್ತು. ನಗಬೇಕೆಂದು ಬಾಯಿ ತೆರೆದವನಿಗೆ ಅಳು ಒತ್ತರಿಸಿಕೊಂಡು ಬಂತು. ಎರಡು ತಿಂಗಳಲ್ಲಿ ಮೊದಲ ಸಲ ಅತ್ತ.

ಹೆಂಡತಿ ತಿವಿದಳು. "ಕಣ್ಣು ಮುಚ್ರೀ, ಪ್ರಾರ್ಥನೆ ನಡೀತಿದೆ."

"ಸುಮ್ನಿರೇ, ನೋಡ್ಬೇಕು ನಾನು."

ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ಪಾಸ್ಟರನ್ನು ತಡೆದ. "ನಾಳೆ ಬನ್ನಿ ಪಾಸ್ಟರೇ, ಎಡಗಡೆ ಸರಿ ಮಾಡ್ತೀನಿ."

ಇಷ್ಟು ವರ್ಷ ವಿಶ್ವಾಸ ಬೋಧಿಸಿದವರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. "ಇನ್ನೊಂದ್ಸಲನಾ?"

ಸೋಮವಾರ ಕೀಲಿಕೈ ವಾಪಸ್ ಹೋಗಲಿಲ್ಲ, ಅಂಗಡಿಯ ಬಾಗಿಲು ತೆರೆಯಿತು. ಮೊದಲು ಬಂದವರು ಪಾಸ್ಟರೇ. ಕುರ್ಚಿಯಲ್ಲಿ ಕೂತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.