ಶನಿವಾರ, ಭಾನುವಾರ ಮುರಿದ ಪಥ್ಯ

ಹಿತ್ತಲಲ್ಲಿ ಗಂಡ ಮೂತ್ರಕ್ಕೆ ಕೂರುವ ಮೂಲೆಗೆ ಇರುವೆ ಮುತ್ತುತ್ತಿದ್ದುದನ್ನು ಮೊದಲು ಕಂಡವಳು ಪಳನಿಯಮ್ಮ. ಬೂದಿ ಚೆಲ್ಲಿದಳು, ನೀರು ಹೊಯ್ದಳು. ಮರುದಿನ ಮತ್ತೆ ಇರುವೆಯ ಸಾಲು. ಗಂಡ ವೆಲ್ಲಿಂಗಿರಿಗೋ, ಚೊಂಬುಗಟ್ಟಲೆ ನೀರು ಕುಡಿದರೂ ದಾಹ ತೀರದು. ಗುಂಡಿಮಗ್ಗದಲ್ಲಿ ಕೂತರೆ ಗಂಟೆಗೆ ಎರಡು ಸಲ ಎದ್ದು ಹಿತ್ತಲಿಗೆ ಹೋಗಬೇಕು. ನಲವತ್ತೈದರ ಗಟ್ಟಿ ಆಳು, ಆರು ತಿಂಗಳಲ್ಲಿ ಅಂಗಿ ಜೋತುಬೀಳುವಷ್ಟು ಇಳಿದುಹೋದ.

ಅದು ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ. ಊರು ಕೊಯಮತ್ತೂರು ಸೀಮೆಯಲ್ಲಿ ಪೊಳ್ಳಾಚಿಗೆ ಹತ್ತಿರದ ನೆಗಮಂ. ನೇಕಾರರ ಬೀದಿಯಲ್ಲಿ ಯಾರಿಗೆ ಏನಾದರೂ ಬೇವಿನ ಕಷಾಯ, ಇಲ್ಲವೇ ಮಂತ್ರಿಸಿದ ತಾಯಿತ. ಎರಡೂ ಆದ ಮೇಲೆ ಗಂಡ ಹೆಂಡತಿ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಡಾಕ್ಟರು ಕೂರುವುದು ಶುಕ್ರವಾರ ಮಾತ್ರ. ಮಿಕ್ಕ ದಿನವೆಲ್ಲ ಕಂಪೌಂಡರ್ ಲಿಂಗಪ್ಪನ್. ಅವನೂ ನೇಕಾರರ ಮನೆಯ ಮಗನೇ, ಇವರಂತೆ ಮನೆಮಾತು ಕನ್ನಡ.

ಲಿಂಗಪ್ಪನ್ ಗಾಜಿನ ನಳಿಕೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ವೆಲ್ಲಿಂಗಿರಿಯ ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದ. ನೀಲಿ ಹೋಗಿ ಹೆಂಚಿನ ಕೆಂಪು ಬಂತು. ಡಾಕ್ಟರು ನೋಡಿ ತಲೆಯಾಡಿಸಿದರು.

"ಅಮ್ಮಣಿ, ಇದು ಸಕ್ಕರೆ ಕಾಯಿಲೆ," ಎಂದು ಲಿಂಗಪ್ಪನ್ ಬಿಡಿಸಿ ಹೇಳಿದ. "ತಿಂದದ್ದು ಒಡಂಬಿಗೆ ಹತ್ತದೆ ಸಕ್ಕರೆ ಆಗಿ ಹೊರಗೆ ಹೋಗ್ತಾ ಇದೆ. ದಿನಾ ಹಾಕೋ ಸೂಜಿಮದ್ದು ಇದೆ, ಅದು ನಮ್ಮ ಈ ಆಸ್ಪತ್ರಿಗೆ ಬರಲ್ಲ. ಈಗಿನ ಮಟ್ಟಿಗೆ ಪಥ್ಯಾನೇ ಮದ್ದು ಅಂತಾರೆ ಡಾಕ್ಟರು. ಬೆಲ್ಲ ಕೂಡದು, ಬಿಳಿ ಅನ್ನ ಕೂಡದು. ರಾಗಿ ಕಳಿ ಸಣ್ಣ ಉಂಡೆ ಒಂದು, ಮೇಲೆ ಹುರಳಿ, ನುಗ್ಗೆ ಕೀರೆಸೊಪ್ಪು, ನೀರುಮಜ್ಜಿಗೆ. ವಾರಾವಾರಂ ಬಂದು ತೋರಿಸಿ."

ಸೋಮವಾರದಿಂದ ಪಳನಿಯಮ್ಮ ಹೇಳಿದ ಹಾಗೇ ಬಡಿಸಿದಳು. ವೆಲ್ಲಿಂಗಿರಿ ತಕರಾರು ಮಾಡಲಿಲ್ಲ. ಕೊಟ್ಟದ್ದನ್ನು ನುಂಗಿ ಮಗ್ಗದ ಗುಂಡಿಗೆ ಇಳಿಯುತ್ತಿದ್ದ. ಆದರೆ ಅವನ ಮುಖ ನೋಡಲು ಅವಳಿಂದ ಆಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಒಂದು ರೂಢಿ. ವಾರವೆಲ್ಲ ನೇಯ್ದ ಸೀರೆಗಳನ್ನು ಅವನು ಶನಿವಾರ ಪೊಳ್ಳಾಚಿಯ ಅಂಗಡಿಗೆ ಒಪ್ಪಿಸಿ, ಬರುವಾಗ ತೆಂಗಿನಕಾಯಿ, ಬೆಲ್ಲ ತರುವನು. ಭಾನುವಾರ ಮಗ್ಗಕ್ಕೆ ರಜೆ. ಗಂಡ ಹೆಂಡತಿ ಸೇರಿ ಒತ್ತು ಶಾವಿಗೆ ಮಾಡುವರು. ಅವನು ಶಾವಿಗೆ ಒರಳಿನ ಹಿಡಿ ಒತ್ತಿದರೆ ಅವಳು ಎಳೆ ಹಿಡಿಯುವಳು. ಮೇಲೆ ಕಾಯಿಹಾಲು, ಬೆಲ್ಲದ ಪಾಕ. ಆರು ದಿನ ಒಂದೇ ಸೂರಿನಡಿ ಇದ್ದರೂ ಅವರಿಬ್ಬರು ನಿಂತು ನಗುನಗುತ್ತ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಪಕ್ಕದ ಮನೆಯ ಪೊನ್ನಮ್ಮ ಬಂದು ಒಲೆ ಹತ್ತಿರ ಕೂತಳು. "ಏನೇ ಪಳನಿ, ಆ ಮನುಷ್ಯ ಪಾವಂ, ಐದು ದಿನ ಬಾಯಿ ಕಟ್ಕೊಂಡು ನೇಯ್ತಾನೆ. ಎರಡು ದಿನ ಮನಸಾರ ಹಾಕಬಾರದಾ? ಎರಡು ದಿನದಲ್ಲಿ ಏನು ಮುಳುಗೋಗ್ತದೆ?"

"ಕಂಪೌಂಡರು ಬೈತಾನೆ ಅಕ್ಕ."

"ಅವನೇನು ನಿನ್ನ ಒಲೇಲಿ ಬಂದು ನೋಡ್ತಾನಾ?"

ಆ ಶನಿವಾರ ಬಿಳಿ ಅನ್ನ ಆಯಿತು. ಭಾನುವಾರ ಶಾವಿಗೆಯೂ ಆಯಿತು. ವೆಲ್ಲಿಂಗಿರಿ ಎರಡನೇ ಸಲ ತಟ್ಟೆ ಚಾಚಿದಾಗ ಪಳನಿಯಮ್ಮನ ಕಣ್ಣು ತುಂಬಿಬಂತು. ಇನ್ನೂ ಒಂದು ಸೌಟು ಹಾಕಿದಳು.

ಮುಂದಿನ ಶುಕ್ರವಾರ ನಳಿಕೆಯಲ್ಲಿ ಬರೀ ಹಸಿರು ಬಂತು. "ನೋಡಿದ್ರಾ, ಇಳಿದಿದೆ!" ಎಂದ ಲಿಂಗಪ್ಪನ್. ಅದರ ಮುಂದಿನ ಶುಕ್ರವಾರವೂ ಹಸಿರೇ. ಎರಡು ದಿನ ತಿಂದರೆ ಏನೂ ಆಗದು ಎಂದು ಪಳನಿಯಮ್ಮನಿಗೆ ನಂಬಿಕೆ ಬಂತು. ಹೀಗೇ ನಾಲ್ಕು ತಿಂಗಳು ಕಳೆಯಿತು. ದಾಹ ಮಾತ್ರ ಪೂರ್ತಿ ಹೋಗಲಿಲ್ಲ. ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದ. ಮಗ್ಗದಲ್ಲಿ ಕೂತು ಕೂತು ಹಾಗಾಗಿದೆ ಎಂದುಕೊಂಡರು.

ಒಂದು ಶುಕ್ರವಾರ ಸೀರೆಯ ಕೆಲಸ ಮುಗಿಯದೆ ಆಸ್ಪತ್ರೆಗೆ ಹೋಗಲಾಗಲಿಲ್ಲ. ಸೋಮವಾರ ಹೋದರು. ಲಿಂಗಪ್ಪನ್ ನಳಿಕೆ ಕಾಯಿಸಿದ. ಕೆಂಪು. ಮೊದಲ ದಿನಕ್ಕಿಂತಲೂ ಗಾಢವಾದ ಕೆಂಪು. ಅವನು ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಅಮ್ಮಣಿ, ನಿನ್ನೆ ಏನು ಅಡಿಗೆ?"

"ಕಳಿ, ಕೀರೆ," ಎಂದಳು ಪಳನಿಯಮ್ಮ.

"ಮೊನ್ನೆ?"

"ಅದೇ."

ವೆಲ್ಲಿಂಗಿರಿ ತಲೆ ತಗ್ಗಿಸಿ ಕೂತಿದ್ದ. ಲಿಂಗಪ್ಪನ್ ಬೈಯಲಿಲ್ಲ. "ನನಗೆ ನೀವು ಸುಳ್ಳು ಹೇಳಬಹುದು, ಈ ನೀರು ಹೇಳಲ್ಲ. ನೀವು ಶುಕ್ರವಾರ ಬರ್ತೀರಿ, ಆ ಹೊತ್ತಿಗೆ ಐದು ದಿನದ ಪಥ್ಯ ಆಗಿರ್ತದೆ. ಅದಕ್ಕೇ ಹಸಿರು ಕಂಡದ್ದು, ನಾನೂ ಮೋಸ ಹೋದೆ. ಎರಡು ದಿನ ಏರಿದ ಸಕ್ಕರೆ ಇಳಿಯೋಕೆ ಮೂರು ನಾಲ್ಕು ದಿನ ಬೇಕು. ಇಳಿಯೋ ಹೊತ್ತಿಗೆ ಮತ್ತೆ ಶನಿವಾರ. ಮಗ್ಗಕ್ಕೆ ರಜೆ ಉಂಟು ಅಣ್ಣ, ಈ ಕಾಯಿಲೆಗೆ ಇಲ್ಲ. ಕಾಲು ಜಾಗ್ರತೆ. ಗಾಯ ಆದ್ರೆ ಒಂದು ದಿನ ಕೂಡ ತಡ ಮಾಡಬೇಡಿ."

ಎರಡು ಭಾನುವಾರ ಪಳನಿಯಮ್ಮ ಗಟ್ಟಿಯಾಗಿದ್ದಳು. ಮೂರನೆಯ ಭಾನುವಾರ ವೆಲ್ಲಿಂಗಿರಿ ತಟ್ಟೆಯ ಮುಂದೆ ಕೂತು ಕಳಿಯನ್ನು ಬೆರಳಲ್ಲಿ ಒತ್ತುತ್ತ, "ಬದುಕೋದು ಯಾಕೆ ಅಂತ ಅನ್ನಿಸ್ತದೆ ಕಣೇ," ಎಂದ. ಅಷ್ಟೇ. ಅವಳು ಎದ್ದು ಹೋಗಿ ಮತ್ತೆ ಶಾವಿಗೆ ಒತ್ತಲು ಒರಳು ತೊಳೆದಳು.

ಮಗ್ಗದ ಕಾಲುಹಲಗೆಯ ಸಿಬಿರು ಅವನ ಹೆಬ್ಬೆರಳಿಗೆ ಎಂದು ಚುಚ್ಚಿತೋ ಅವನಿಗೇ ಗೊತ್ತಿಲ್ಲ. ನೋವೇ ಇರಲಿಲ್ಲ. ಹನ್ನೆರಡು ವರ್ಷದ ಮಗಳು ಚಂದ್ರಾ ನೂಲು ಸುತ್ತಿದ ಕಂಡಿಕೆ ಕೊಡಲು ಬಂದವಳು, "ಅಪ್ಪ, ಕಾಲಲ್ಲಿ ಏನೋ ನಾರ್ತಾ ಇದೆ," ಎಂದಾಗ ನೋಡಿದರೆ ಬೆರಳು ಊದಿ ಕೀವಾಗಿತ್ತು. ಪಳನಿಯಮ್ಮ ಅರಿಸಿನ ಮೆತ್ತಿದಳು. ಲಿಂಗಪ್ಪನ್‌ಗೆ ತೋರಿಸೋಣ ಎಂದು ಅವಳ ಮನಸ್ಸು ಹೇಳುತ್ತಿತ್ತು. ಆದರೆ ತೋರಿಸಿದರೆ ನಳಿಕೆ ಕಾಯಿಸುವನು, ಕೆಂಪು ಬರುವುದು, ಏನು ಬೇಯಿಸಿದೆ ಎಂದು ಕೇಳುವನು. ಆ ನಾಚಿಕೆಗೆ ಅಂಜಿ ಅವಳು ಹದಿನೈದು ದಿನ ಆಸ್ಪತ್ರೆಯ ಕಡೆಗೇ ಹೋಗದೆ ಸುಮ್ಮನಿದ್ದಳು.

ಬೆರಳು ಕಪ್ಪಾಯಿತು. ಕಪ್ಪು ಪಾದಕ್ಕೆ ಹತ್ತಿತು. ಲಿಂಗಪ್ಪನ್ ನೋಡಿದವನೇ ತಾನೇ ಜೊತೆಗೆ ಬಂದು ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಮೂರನೆಯ ದಿನ ವೆಲ್ಲಿಂಗಿರಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಪ್ರಜ್ಞೆ ಬಂದಾಗ ಅವನು ಹೊದಿಕೆಯ ಮೇಲೆ ಕೈಯಾಡಿಸಿ, ಕಾಲು ಇರಬೇಕಾದ ಕಡೆ ಹಾಸಿಗೆ ಸಮವಾಗಿರುವುದನ್ನು ಮುಟ್ಟಿ ನೋಡಿದ. ಪಳನಿಯಮ್ಮ ಮಂಚದ ಕಬ್ಬಿಣಕ್ಕೆ ಹಣೆ ಚಚ್ಚಿಕೊಂಡಳು.

"ನಾನೇ ಹಾಕಿದೆ. ನನ್ನ ಕೈಯಾರೆ ಹಾಕಿದೆ. ಕೇಳಿದಾಗ ಸುಳ್ಳು ಹೇಳಿದೆ."

"ನಾನೂ ತಟ್ಟೆ ಚಾಚಿದೆ ಅಲ್ವಾ," ಎಂದ ವೆಲ್ಲಿಂಗಿರಿ. ಆಮೇಲೆ ಗೋಡೆಯ ಕಡೆ ತಿರುಗಿದ.

ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಅಲ್ಲಿ ಸೂಜಿಮದ್ದು ಹಾಕಿದ್ದರಿಂದ ಜೀವ ಉಳಿಯಿತು. ಒಂದು ಕಾಲಲ್ಲಿ ಗುಂಡಿಮಗ್ಗ ತುಳಿಯಲಾಗದು. ಅವನು ಮನೆಗೆ ಬರುವ ಮುಂಚೆಯೇ ಪಳನಿಯಮ್ಮ ಗುಂಡಿಗೆ ಹಲಗೆ ಮುಚ್ಚಿಸಿದ್ದಳು. ಈಗ ಅವನು ಗೋಡೆಗೆ ಒರಗಿ ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾನೆ. ಬೀದಿಯಲ್ಲಿ ಮಿಕ್ಕ ಮಗ್ಗಗಳು ಸದ್ದು ಮಾಡುವಾಗ ಅವನ ಕೈ ಆಗಾಗ ನಿಂತುಹೋಗುತ್ತದೆ.

ಅವನು ಮನೆಗೆ ಬಂದ ಮೊದಲ ಭಾನುವಾರ ಪೊನ್ನಮ್ಮ ಪಾಯಸದ ಪಾತ್ರೆ ಹಿಡಿದು ಬಂದಳು. ವೆಲ್ಲಿಂಗಿರಿ ಕೈ ಮುಗಿದ. "ಅಕ್ಕ, ಕೋಪ ಬೇಡಿ. ಒಳಗೆ ತರಬೇಡಿ. ಕಂಡ್ರೆ ಆಸೆ ಆಗ್ತದೆ."

ಪೊನ್ನಮ್ಮ ಹೊಸ್ತಿಲಲ್ಲೇ ಕುಸಿದು ಅತ್ತಳು. "ಎರಡು ದಿನದಲ್ಲಿ ಏನಾಗ್ತದೆ ಅಂದವಳು ನಾನು."

"ನೀವು ಅಂದ್ರಿ, ನಾನು ಮಾಡಿದೆ," ಎಂದಳು ಪಳನಿಯಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಒಳಗೆ ಹೋಗಿ ಮೂವರಿಗೂ ಒಂದೇ ಅಡಿಗೆ ಬಡಿಸಿದಳು. ಕಳಿ, ಹುರಳಿ, ನುಗ್ಗೆಸೊಪ್ಪು. ಅವನೊಬ್ಬನಿಗೆ ಬೇರೆ ಬಡಿಸಿ ಆಸೆ ಹುಟ್ಟಿಸಬೇಡಿ, ಮನೆಮಂದಿಯೆಲ್ಲ ಅದನ್ನೇ ಉಣ್ಣಿ ಎಂದು ಲಿಂಗಪ್ಪನ್ ಹೇಳಿದ್ದ. ಇನ್ನೂ ಒಂದು ಮಾತು ಹೇಳಿದ್ದ: "ಇನ್ನೊಂದು ಕಾಲಿದೆ, ಎರಡು ಕಣ್ಣಿದೆ ಅಮ್ಮಣಿ. ಈ ಕಾಯಿಲೆ ಅವನ್ನೂ ಕೇಳ್ತದೆ."

"ಅಮ್ಮ, ಇವತ್ತು ಭಾನುವಾರ ಅಲ್ವಾ?" ಎಂದಳು ಚಂದ್ರಾ.

"ಹೌದು ನನ್ನ ಕಣ್ಣು. ಉಣ್ಣು."

ಮೂವರೂ ಉಂಡರು. ಆ ಊಟದಲ್ಲಿ ಸಂತೋಷವಿರಲಿಲ್ಲ. ಹೋದ ಕಾಲು ಅದರಿಂದ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಲು ಬಾರದವರಿಗೆ ಓದಿ ಹೇಳಿ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ, ಸೋಮವಾರದ ಅಡಿಗೆಯನ್ನೇ ಶನಿವಾರವೂ ಮಾಡಿ, ಭಾನುವಾರವೂ ಮಾಡಿ, ನೆಂಟರು ಬಂದ ದಿನವೂ ಮಾಡಿ. ಅವರ ಜೊತೆ ಕೂತು ನೀವೂ ಅದನ್ನೇ ಉಣ್ಣಿ. ದಿನಾ ಅವರ ಪಾದ ನೋಡಿ. ನೋವಿಲ್ಲದ ಗಾಯವನ್ನೂ ಆ ದಿನವೇ ತೋರಿಸಿ. ಪಥ್ಯ ತಪ್ಪಿದ್ದರೆ ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಬೈದರೆ ಬೈಯಲಿ, ಬೈಗುಳ ಕಾಲು ಕತ್ತರಿಸುವುದಿಲ್ಲ. ಕರುಳು ಚುರುಕ್ಕೆಂದು ನೀವು ಇನ್ನೊಂದು ಸೌಟು ಹಾಕಲು ಹೊರಟಾಗ, ಒಂದು ಗಳಿಗೆ ಕೈ ತಡೆಯಿರಿ. ಪಳನಿಯಮ್ಮನೂ ಅದನ್ನು ಪ್ರೀತಿಯಿಂದಲೇ ಹಾಕಿದ್ದಳು.