ಕಾಗದ ಮೆತ್ತಿದ ಕಿಟಕಿಗಳು

ನಿಂಕೆಯ ಗಂಟಲು ಕೇಳದವರು ಔಡೆಸೈಲ್‌ನಲ್ಲಿ ಯಾರೂ ಇರಲಿಲ್ಲ. ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. "ಕಾಲು ಬಡೀರೋ, ಕಾಲು!" ಎಂದು ಅವಳು ಕೂಗಿದರೆ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದ ತಾಯಂದಿರೂ ಒಮ್ಮೆ ಬೆಚ್ಚುತ್ತಿದ್ದರು. ಅಂಥವಳು ಹೊಸ ಮನೆಗೆ ಬಂದ ಮೇಲೆ ಪಿಸುಗುಟ್ಟಿಕೊಂಡು ಬದುಕಬೇಕಾಯಿತು.

ಅವಳ ಗಂಡ ದೌವೆ ಮಾಡಿಗೆ ಹೆಂಚು ಹೊದಿಸುವವನು. ಹೊಸ ಮನೆಯ ಕೀಲಿಕೈ ಇನ್ನೇನು ಸಿಗಬೇಕು ಎನ್ನುವಾಗ ಕೆಲಸದ ಜಾಗದಲ್ಲಿ ಅಟ್ಟಣಿಗೆಯಿಂದ ಬಿದ್ದ. ಮೂಳೆಯೊಂದೂ ಮುರಿಯಲಿಲ್ಲ, ಆದರೆ ತಲೆ ನೆಲಕ್ಕೆ ಬಡಿಯಿತು. ಮಿದುಳು ಅಲುಗಿದೆ, ಬೆಳಕು ಬೇಡ, ಸದ್ದು ಬೇಡ, ಟಿವಿ ಫೋನು ಯಾವುದೂ ಬೇಡ ಎಂದರು ಡಾಕ್ಟರು. ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದರು. ಹಳೆಯ ಬಾಡಿಗೆ ಮನೆಗೆ ಆಗಲೇ ಬೇರೆಯವರು ಬರುವವರಿದ್ದರು. ಹಾಗಾಗಿ ದೌವೆಯ ತಲೆಗೆ ಟವೆಲ್ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಿಂಕೆ ಹೊಸ ಮನೆಗೆ ಬಂದಳು.

ಅಲ್ಲಿ ಬರೀ ಸಿಮೆಂಟ್ ನೆಲ, ಬಣ್ಣ ಕಾಣದ ಗೋಡೆ, ಮತ್ತು ಬೆಳಕು. ನಕ್ಷೆಯಲ್ಲಿ ನೋಡಿದಾಗ ಇಬ್ಬರೂ ಕುಣಿದಾಡಿದ್ದ ಆ ಕಿಟಕಿ, ನೆಲದಿಂದ ಚಾವಣಿಯವರೆಗಿನ ಗಾಜು, ಮೇ ತಿಂಗಳ ಬಿಸಿಲನ್ನೆಲ್ಲ ಒಳಗೆ ಸುರಿಯುತ್ತಿತ್ತು. ದೌವೆ ನರಳುತ್ತಾ ಮೆಟ್ಟಿಲ ಕೆಳಗಿನ ಗೂಡಿಗೆ ತೆವಳಿಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟ. ಅಳತೆ ಕೊಟ್ಟು ಹೊಲಿಸಲು ಹಾಕಿದ್ದ ಪರದೆಗಳು ಬೇಸಿಗೆ ಮುಗಿಯುವ ಮುಂಚೆ ಬರುವುದಿಲ್ಲ ಎಂದು ಅಂಗಡಿಯವರು ಮೊದಲೇ ಹೇಳಿದ್ದರು.

ಆವತ್ತೇ ನಿಂಕೆ ಕೆಲಸಕ್ಕೆ ಇಳಿದಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಸಣಿಗೆಯಂತೆ ಮಡಿಸಿದ ಅಗ್ಗದ ಕಾಗದದ ಪರದೆಗಳು ಸಿಕ್ಕವು. ಅಂಚಿನ ಅಂಟನ್ನು ಚೌಕಟ್ಟಿಗೆ ಒತ್ತಿದರೆ ಆಯಿತು, ಮೊಳೆ ಹೊಡೆಯುವ ಸದ್ದಿಲ್ಲ. ಆದರೆ ಬಿಸಿಲಿಗೆ ಗಾಜು ಕಾದ ಹಾಗೆ ಅಂಟು ಸಡಿಲವಾಗಿ ಒಂದೊಂದೇ ಕಳಚಿ ಬಿದ್ದವು. ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ಕಂದು ಕಾಗದದ ಸುರುಳಿ ತಂದು ಮುಂದಿನ ಕಿಟಕಿಗೆ ಎರಡು ಪದರ ಮೆತ್ತಿದಳು. ಸಾಮಾನು ತುಂಬಿ ತಂದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಅಡುಗೆಮನೆಯ ಗಾಜಿಗೆ ನಿಲ್ಲಿಸಿದಳು. ಮಹಡಿಯ ಕೋಣೆಯಲ್ಲಿ ಮಾತ್ರ ಕಾಗದ ಸಾಲಲಿಲ್ಲ. ಗಾಜಿಗೆ ಸಾಬೂನು ನೀರು ಸವರಿ, ಅಡುಗೆಮನೆಯ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಸಂದಿಗಳಿಗೆಲ್ಲ ಟೇಪು ಎಳೆದಳು. ದೌವೆಯನ್ನು ಮೇಲೆ ಕರೆದುಕೊಂಡು ಹೋಗಿ ಮಲಗಿಸಿದಳು.

"ಈಗ ಹೇಗಿದೆ?" ಎಂದು ಅವನ ಕಿವಿಯ ಹತ್ತಿರ ಕೇಳಿದಳು.

"ಒಳ್ಳೇ ಆಲೂಗಡ್ಡೆ ಗೋದಾಮಿನ ಹಾಗಿದೆ," ಎಂದ ಅವನು. "ಮೊಳಕೆ ಬಂದ್ರೆ ಹೇಳ್ತೀನಿ." ಬಿದ್ದ ಮೇಲೆ ಅವನು ಮಾಡಿದ ಮೊದಲ ತಮಾಷೆ ಅದು. ನಿಂಕೆ ಕೆಳಗೆ ಬಂದು ಸಿಮೆಂಟ್ ನೆಲದ ಮೇಲೆ ಕುಳಿತು ಅತ್ತಳು.

ಆ ಬೀದಿಯಲ್ಲಿ ಕಿಟಕಿ ಮುಚ್ಚುವ ಅಭ್ಯಾಸ ಯಾರಿಗೂ ಇರಲಿಲ್ಲ. ಗಾಜಿನ ಒಳಬದಿಗೆ ಎರಡು ಹೂಕುಂಡ, ಅದರ ಹಿಂದೆ ಊಟದ ಮೇಜು, ಹೋಗುವವರು ಬರುವವರು ಏನು ಅಡುಗೆ ಎಂದು ನೋಡಿಕೊಂಡೇ ಹೋಗಬಹುದು. ಎದುರು ಮನೆಯ ಲಾಮರ್ಟ್ ಹೂಕೆಮಾ ಹಾಗೆ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ. ನಿವೃತ್ತನಾಗಿದ್ದ, ಕೈತುಂಬ ಸಮಯವಿತ್ತು, ಬೀದಿಯವರ ಫೋನ್ ಗ್ರೂಪಿಗೆ ಅವನೇ ಯಜಮಾನ. ನಿಂಕೆ ಕಸದ ತೊಟ್ಟಿ ಹೊರಗಿಡಲು ಬಂದಾಗ ಅವನು ರಸ್ತೆ ದಾಟಿ ಬಂದ.

"ಏನಮ್ಮ, ಇನ್ನೂ ಪ್ಯಾಕಿಂಗ್ ಬಿಚ್ಚಿಲ್ವಾ? ಮನೆಗೇ ಕಾಗದ ಸುತ್ತಿಟ್ಟಿದೀರಲ್ಲ!"

"ಗಂಡನಿಗೆ ಹುಷಾರಿಲ್ಲ. ಬೆಳಕು ಆಗಲ್ಲ."

"ಹೌದಾ? ಅಲ್ಲ, ನೋಡೋಕೆ ಚೆನ್ನಾಗಿರಲ್ಲ ಅಂತ ಅಷ್ಟೇ. ಹೊಸ ಬೀದಿ. ಮೇಲ್ಗಡೆ ಆ ಬೆಳ್ಳಿ ಹಾಳೆ ನನ್ನ ಊಟದ ಮನೆಗೇ ಹೊಳೆಯುತ್ತೆ."

"ಹುಷಾರಾದ ಮೇಲೆ ತೆಗೀತೀವಿ," ಎಂದು ಹೇಳಿ ನಿಂಕೆ ಒಳಗೆ ಹೋದಳು.

ಮುಂದಿನ ಶನಿವಾರ ಬೆಳಗ್ಗೆ ಬಾಗಿಲನ್ನು ಯಾರೋ ದಡದಡ ಬಡಿದರು. ಕರೆಗಂಟೆಯ ತಂತಿಯನ್ನು ಅವಳು ಮೊದಲೇ ಕಿತ್ತಿಟ್ಟಿದ್ದಳು. ತೆರೆದರೆ ಇಬ್ಬರು ಪೊಲೀಸರು, ಒಬ್ಬ ಗಂಡಸು, ಒಬ್ಬ ಹೆಂಗಸು. ಹಿಂದೆ ವಿದ್ಯುತ್ ಕಂಪನಿಯ ಸಮವಸ್ತ್ರದವನೊಬ್ಬ.

"ಮನೆ ನೋಡ್ಬೇಕು," ಎಂದ ಪೊಲೀಸ್, ಅನುಮತಿ ಪತ್ರ ತೋರಿಸುತ್ತ. "ಕಿಟಕಿ ಮುಚ್ಚಿ, ದೊಡ್ಡ ದೊಡ್ಡ ದೀಪ ಉರಿಸಿ ಒಳಗೆ ಗಾಂಜಾ ಬೆಳೀತಿದಾರೆ ಅಂತ ದೂರು ಬಂದಿದೆ."

"ದಯವಿಟ್ಟು ಮೆಲ್ಲಗೆ ಮಾತಾಡಿ," ಎಂದು ನಿಂಕೆ ಪಿಸುಗುಟ್ಟಿದಳು. "ಮೇಲೆ ನನ್ನ ಗಂಡ..."

"ಪಿಸಪಿಸ ಯಾಕೆ? ಮೇಲೆ ಯಾರನ್ನ ಅಡಗಿಸಿಟ್ಟಿದೀರಿ?"

ಅವಳು ಅಡ್ಡ ನಿಲ್ಲುವ ಮುಂಚೆಯೇ ಬೂಟುಗಳು ಮೆಟ್ಟಿಲು ಏರಿದವು. ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಟಾರ್ಚಿನ ಬೆಳಕು ನೇರ ದೌವೆಯ ಮುಖಕ್ಕೆ ಬಿತ್ತು. ಅವನು ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಒಂದು ಥರ ಸ್ವರ ಹೊರಡಿಸಿದ, ಮಾತಲ್ಲ, ಅಳುವೂ ಅಲ್ಲ. ಹಿಂದೇನಿದೆಯೋ ಎಂದು ಪೊಲೀಸ್ ಬೆಳ್ಳಿ ಹಾಳೆಯ ಮೂಲೆ ಹಿಡಿದು ಎಳೆದಾಗ ಅರ್ಧ ಹಾಳೆ ಕಿತ್ತು ಬಂದು ಬಿಸಿಲು ಹಾಸಿಗೆಗೆ ಅಡ್ಡ ಬಿತ್ತು. ದೌವೆ ಮಂಚದ ಪಕ್ಕಕ್ಕೆ ಬಾಗಿ ವಾಂತಿ ಮಾಡಿದ.

"ಟಾರ್ಚ್ ಆರಿಸು!" ಎಂದು ಪೊಲೀಸ್ ಹೆಂಗಸು ಜೊತೆಯವನ ಕೈಗೆ ಹೊಡೆದಳು. ನಿಂಕೆ ಮಂಚ ಹತ್ತಿ ನಿಂತು, ಕಿತ್ತುಹೋದ ಜಾಗಕ್ಕೆ ತನ್ನ ಬೆನ್ನು ಕೊಟ್ಟಳು.

ಕೆಳಗಿನಿಂದ ವಿದ್ಯುತ್ ಕಂಪನಿಯವನು ಹೇಳಿದ, "ಇಲ್ಲೇನೂ ಇಲ್ರೀ. ಫ್ರಿಜ್ ಒಂದು ಬಿಟ್ರೆ ಏನೂ ಓಡ್ತಿಲ್ಲ."

ಪೊಲೀಸ್ ಕ್ಷಮೆ ಕೇಳಿದ. ದೂರು ಕೊಟ್ಟವರು ಯಾರು ಎಂದು ಅವಳು ಕೇಳಿದ್ದಕ್ಕೆ ಹೇಳುವ ಹಾಗಿಲ್ಲ ಎಂದ. ನಿಂಕೆ ಹರಿದ ಹಾಳೆಗೆ ಟೇಪು ಹಾಕಲು ಹೋದರೆ ಅದು ಬೆರಳಿಗೇ ಸುತ್ತಿಕೊಳ್ಳುತ್ತಿತ್ತು. ಪೊಲೀಸ್ ಹೆಂಗಸು ಬಂದು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡಳು. ನೆಲ ಒರೆಸಿ, ದೌವೆಯ ಹಣೆಗೆ ಒದ್ದೆ ಬಟ್ಟೆ ಹಾಕಿ, ಅವನು ಕಣ್ಣು ಮುಚ್ಚಿದ ಮೇಲೆ ನಿಂಕೆ ಹೊರಗೆ ಬಂದಳು.

ಬೀದಿಯವರೆಲ್ಲ ಹೊರಗೆ ನಿಂತಿದ್ದರು. ಕೆಲವರ ಕೈಯಲ್ಲಿ ಕಾಫಿ ಲೋಟವೂ ಇತ್ತು. ಲಾಮರ್ಟ್ ತನ್ನ ಗೇಟಿನ ಹತ್ತಿರ ಕೈಕಟ್ಟಿಕೊಂಡಿದ್ದ.

"ನೀವಾ?" ಎಂದಳು ನಿಂಕೆ, ತೀರಾ ತಗ್ಗಿದ ದನಿಯಲ್ಲಿ.

"ನಾನೇ. ಅದರಲ್ಲಿ ಮುಚ್ಚುಮರೆ ಏನಿದೆ? ಬೆಳ್ಳಿ ಹಾಳೆ, ಹಗಲೆಲ್ಲ ಕತ್ತಲೆ, ಯಾರೂ ಹೊರಗೆ ಬರಲ್ಲ. ಯಾರಿಗಾದ್ರೂ ಅನುಮಾನ ಬರಲ್ವಾ?"

"ಇಲ್ಲಿ ಬೇಡ. ಅವನಿಗೆ ಕೇಳಿಸುತ್ತೆ. ಬನ್ನಿ," ಎಂದು ಅವನ ತೋಳಿನ ಬಟ್ಟೆ ಹಿಡಿದಳು.

ಈಜುಗಾರ್ತಿಯ ಹಿಡಿತ. ಬಿಡಿಸಿಕೊಳ್ಳಲು ನೋಡಿದರೂ ಆಗಲಿಲ್ಲ. ಬೀದಿ ಮುಗಿದು, ಆಟದ ಬಯಲು ದಾಟಿ, ಕಾಲುವೆಯ ದಂಡೆಯವರೆಗೂ ಅವನನ್ನು ಎಳೆದುಕೊಂಡೇ ಹೋದಳು. ಹಿಂದೆ ಅವನ ಹೆಂಡತಿ ಯಾನೆಟ್ ಮನೆಯ ಚಪ್ಪಲಿಯಲ್ಲೇ ಓಡಿಬಂದಳು. ಅವಳ ಹಿಂದೆ ಉಳಿದವರೂ ಬಂದರು. ನಿಂಕೆ ತಿರುಗಿ ನೋಡಿ, ಮನೆ ಎಷ್ಟು ದೂರವಾಯಿತೆಂದು ಅಂದಾಜು ಮಾಡಿಕೊಂಡಳು. ಆಮೇಲೆ ಬಾಯಿ ಬಿಟ್ಟಳು.

"ಹೇಳಿದ್ನಲ್ಲಯ್ಯಾ ನಿಂಗೆ! ಗಂಡನಿಗೆ ಹುಷಾರಿಲ್ಲ ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿದ್ನಲ್ಲ! ಇನ್ಯಾವ ಭಾಷೇಲಿ ಹೇಳ್ಬೇಕಿತ್ತು?"

ಆಚೆ ದಂಡೆಯಲ್ಲಿ ಮೇಯುತ್ತಿದ್ದ ಹಸುಗಳು ತಲೆ ಎತ್ತಿದವು.

"ನೀವು ಹೇಳಿದ್ರಿ, ಸರಿ. ನಿಜ ಅಂತ ನಂಗೆ ಹೇಗೆ..."

"ಬಾಗಿಲು ತಟ್ಟಿ ಕೇಳ್ಬೇಕಿತ್ತು! ಒಂದು ಬಟ್ಟಲು ಸೂಪ್ ಹಿಡ್ಕೊಂಡು ಬಂದಿದ್ರೆ ಒಳಗೆ ಕರೀತಿದ್ದೆ, ನೀನೇ ಕಣ್ಣಾರೆ ನೋಡ್ತಿದ್ದೆ! ನಿನ್ನ ಊಟದ ಮನೆಗೆ ಹೊಳೆಯುತ್ತೆ ಅಂತ ತಾನೆ ನಿನ್ನ ಸಂಕಟ? ಅದಕ್ಕೆ ಪೊಲೀಸರನ್ನ ಕಳಿಸಿ ಅವನ ಕಣ್ಣಿಗೆ ಟಾರ್ಚ್ ಹಾಕಿಸ್ದೆ! ನಾನು ತುತ್ತು ತುತ್ತಾಗಿ ತಿನ್ನಿಸಿದ್ದೆಲ್ಲ ಹೊರಗೆ ಬಂತು!"

"ಗ್ರೂಪಲ್ಲಿ ಎಲ್ಲರೂ ಹಾಗೇ ಅಂದ್ರು," ಎಂದು ಲಾಮರ್ಟ್ ಹಿಂದಿದ್ದವರ ಕಡೆ ನೋಡಿದ. ಅವರು ಕಾಲುವೆಯ ನೀರು ನೋಡಿದರು.

"ನಾನು ಬೇಡ ಅಂದಿದ್ದೆ," ಎಂದಳು ಯಾನೆಟ್.

"ಅಂದ್ರಿ. ಆಮೇಲೆ ಕಿಟಕೀಲಿ ನಿಂತು ನೋಡಿದ್ರಿ. ಅಲ್ವಾ?"

ನಿಂಕೆ ಇನ್ನೂ ಕೂಗಿದಳು, ಬೀದಿಯ ಒಬ್ಬೊಬ್ಬರ ಹೂಕುಂಡವನ್ನೂ ಕಾಫಿಯನ್ನೂ ಬೈದಳು, ದನಿ ಒಡೆಯುವವರೆಗೂ ಬಿಡಲಿಲ್ಲ. ಕೊನೆಗೆ ಲಾಮರ್ಟ್, "ತಪ್ಪಾಯ್ತು," ಎಂದ, ಬೂಟಿನ ತುದಿ ನೋಡುತ್ತಾ. "ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದು ಅವಳು ಮನೆಗೆ ಹೊರಟಳು.

ಮಾರನೆಯ ದಿನ ಯಾನೆಟ್ ದಪ್ಪ ಅಸ್ತರಿದ್ದ ಹಳೆಯ ಪರದೆಗಳನ್ನು ತಂದಳು. ನಿಂಕೆ ಬಾಗಿಲಲ್ಲೇ ಇಸಿದುಕೊಂಡು, ವಂದನೆ ಹೇಳಿ, ಬಾಗಿಲು ಹಾಕಿಕೊಂಡಳು. ಅವು ಮಹಡಿಯ ಕಿಟಕಿಗೆ ಚೆನ್ನಾಗಿಯೇ ಕೂತವು. ಬೀದಿಯ ಬೇರೆಯವರು ಒಂದಿಬ್ಬರು ಸೂಪ್ ತಂದರು. ಅದನ್ನೂ ಇಸಿದುಕೊಂಡಳು. ಲಾಮರ್ಟ್ ಎದುರಾದರೆ ಮಾತ್ರ ಸೈಕಲ್ಲಿನಿಂದ ಇಳಿಯದೆ, ಮುಖ ಕೂಡ ತಿರುಗಿಸದೆ ಹೋಗುತ್ತಿದ್ದಳು.

ದೌವೆ ನಿಧಾನಕ್ಕೆ ಚೇತರಿಸಿಕೊಂಡ. ಮೊದಲು ಹಿತ್ತಲ ಕಡೆಯ ರಟ್ಟು ತೆಗೆಸಿದ, ಕಪ್ಪು ಕನ್ನಡಕ ಹಾಕಿಕೊಂಡು ಕೆಳಗೆ ಬಂದು ಕುಳಿತ. ಬೇಸಿಗೆ ಕಳೆಯಿತು, ಹೊಲಿಸಿದ ಪರದೆಗಳೂ ಬಂದವು. ಆದರೆ ಮುಂದಿನ ಕಿಟಕಿಯ ಕಂದು ಕಾಗದಕ್ಕೆ ನಿಂಕೆ ಕೈ ಹಾಕಲಿಲ್ಲ. ಮಾಸಿ, ಮೂಲೆಯಲ್ಲಿ ಹರಿದ ಜಾಗಕ್ಕೆ ಹೊಸ ಟೇಪು ಹಾಕಿದಳು.

"ಅದನ್ನ ತೆಗಿ," ಎಂದ ದೌವೆ ಒಂದು ಬೆಳಗ್ಗೆ.

"ಇರ್ಲಿ. ಅವನು ಊಟ ಮಾಡ್ವಾಗೆಲ್ಲ ನೋಡ್ಲಿ ಇದನ್ನ."

"ಅವನು ನೋಡ್ತಾನೆ, ಸರಿ. ನಾನೇನು ನೋಡ್ಲಿ? ಕಾಗದ?"

"ಅವನು ನಿಂಗೆ ಏನು ಮಾಡ್ದ ಅಂತ ಮರೆತ್ಯಾ?"

"ತಲೆ ನಂದು. ಮರೆಯೋಕಾಗುತ್ತಾ?" ದೌವೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಸಿಟ್ಟು ಎಷ್ಟು ಬೇಕಾದ್ರೂ ಮಾಡ್ಕೊ, ನಾನು ಬೇಡ ಅನ್ನಲ್ಲ. ಆದ್ರೆ ಕಿಟಕಿ ನಂದೂ ಹೌದು ಕಣೇ. ಎಷ್ಟು ತಿಂಗಳು ಕತ್ತಲಲ್ಲಿ ಕೂತಿದ್ದೆ. ಇನ್ನು ನಿನ್ನ ಸಿಟ್ಟಿಗೋಸ್ಕರ ಕೂರ್ಬೇಕಾ?"

ನಿಂಕೆಗೆ ಅವನ ಮೇಲೂ ಕೆಂಡದಂಥ ಕೋಪ ಬಂತು. ಎದ್ದು ಹೋಗಿ ಕಾಗದದ ಮೇಲಂಚನ್ನು ಹಿಡಿದು ಒಂದೇ ಸಲಕ್ಕೆ ಕೆಳಗೆಳೆದಳು. ಟೇಪಿನ ಜೊತೆ ಚೌಕಟ್ಟಿನ ಬಣ್ಣವೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ದೌವೆ ಕಣ್ಣು ಕಿರಿದು ಮಾಡಿಕೊಂಡು, ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡ.

ಎದುರುಗಡೆ ಲಾಮರ್ಟ್ ಏಣಿಯ ಮೇಲೆ ನಿಂತು ತನ್ನ ಕಿಟಕಿ ತೊಳೆಯುತ್ತಿದ್ದ. ಇತ್ತ ತಿರುಗಿದವನು ಸ್ಪಂಜು ಹಿಡಿದ ಕೈ ಹಾಗೇ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಆ ಕೈಯನ್ನು ಅಳುಕುತ್ತಾ ಮೇಲೆತ್ತಿದ. ನೀರು ಅವನ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.

ದೌವೆಯೂ ಕೈ ಎತ್ತಿದ. "ಸ್ವಲ್ಪ ತಲೆನಾದ್ರೂ ಆಡಿಸು," ಎಂದ ಹೆಂಡತಿಗೆ.

"ಆಡಿಸಲ್ಲ," ಎಂದಳು ನಿಂಕೆ. ಆದರೆ ಒಳಗೆ ಹೋಗಲಿಲ್ಲ. ಗಂಡನ ಕುರ್ಚಿಯ ಬೆನ್ನು ಹಿಡಿದು ಅಲ್ಲೇ ನಿಂತಳು. ಲಾಮರ್ಟ್ ಕಣ್ಣು ತಗ್ಗಿಸಿ ಏಣಿ ಇಳಿಯುವವರೆಗೂ ಅವನನ್ನೇ ನೋಡುತ್ತಿದ್ದಳು.